ಚೀನಾ ಬಿಡಿಭಾಗಗಳಿಂದ ಗ್ರಾವೆಲ್ ಸೈಕಲ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಲಕ್ಷ ರೂಪಾಯಿ ಆಸುಪಾಸಿನಲ್ಲಿ ಚೀನಾದಿಂದ ಫ್ರೇಮ್, ಗೇರ್, ಚಕ್ರ ತರಿಸಿ, ಡಾಂಬರು ಮಣ್ಣುದಾರಿ ಎರಡಕ್ಕೂ ಆಗುವ ಗ್ರಾವೆಲ್ ಸೈಕಲ್ಲನ್ನು ಬೆಂಗಳೂರಿನಲ್ಲೇ ಜೋಡಿಸಬಹುದೇ, ವಾರವೆಲ್ಲ ಆಫೀಸಿಗೆ ಓಡಿಸಿ ಭಾನುವಾರ ನಂದಿ ಬೆಟ್ಟಕ್ಕೋ ಮಂಚನಬೆಲೆ ಕಡೆಯ ಮಣ್ಣುದಾರಿಗೋ ಹೋಗಬಹುದೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ದುಡ್ಡು ಉಳಿಸುವುದೊಂದೇ ಉದ್ದೇಶವಾದರೆ ಬೇಡ. ಡೆಕಾಥ್ಲಾನ್‌ನಂಥ ಕಡೆ ಸಿಗುವ ಸಿದ್ಧ ಸೈಕಲ್ಲಿಗೆ ವಾರಂಟಿ ಇರುತ್ತದೆ, ಏನಾದರೂ ಕೆಟ್ಟರೆ ತಳ್ಳಿಕೊಂಡು ಹೋಗಲು ಒಂದು ಅಂಗಡಿ ಇರುತ್ತದೆ. ಮೈಗೆ ಸರಿಯಾದ ಫ್ರೇಮ್, ಕಾಲಿಗೆ ತಕ್ಕ ಗೇರ್, ಅಗಲದ ಟೈರ್ ಎಲ್ಲವೂ ನನ್ನ ಲೆಕ್ಕದಂತೆ ಬೇಕು, ಕೈ ಗ್ರೀಸಾದರೂ ಪರವಾಗಿಲ್ಲ ಎನ್ನುವವರಿಗೆ ಮಾತ್ರ ಈ ದಾರಿ.

ಈ ಕೆಲಸದಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಒಂದು ಭಾಗ ಇನ್ನೊಂದಕ್ಕೆ ಕೂರದಿದ್ದಾಗ. ಆದ್ದರಿಂದ ಆಫರ್ ಬಂತೆಂದು ಚಕ್ರ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಮೊದಲೇ ಕೊಳ್ಳಬೇಡಿ. ಫ್ರೇಮ್ ಯಾವುದೆಂದು ತೀರ್ಮಾನಿಸಿ, ಮಾರುವವರಿಂದ ಅದರ ನಕ್ಷೆ ತರಿಸಿಕೊಳ್ಳಿ. ನಕ್ಷೆಯಲ್ಲಿ ಸ್ಟ್ಯಾಕ್ (ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕಡೆಯ ಕೊಳವೆಯ ಮೇಲ್ತುದಿಗಿರುವ ಎತ್ತರ), ರೀಚ್ (ಅಲ್ಲಿಗೇ ಅಡ್ಡಲಾಗಿ ಇರುವ ದೂರ), ಬಾಟಮ್ ಬ್ರ್ಯಾಕೆಟ್ (ಪೆಡಲ್ ಅಚ್ಚು ತಿರುಗುವ ಬೇರಿಂಗ್) ಬಗೆ, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಬೇರಿಂಗ್ ಅಳತೆ, ಆ್ಯಕ್ಸಲ್ (ಚಕ್ರದ ಅಚ್ಚು) ಉದ್ದ ಮತ್ತು ಥ್ರೆಡ್, ಸೀಟ್‌ಪೋಸ್ಟ್ ವ್ಯಾಸ, ಎಷ್ಟು ಅಗಲದ ಟೈರ್ ಹಿಡಿಸುತ್ತದೆ, ಇಷ್ಟೂ ಇರಬೇಕು. ಇಲ್ಲವೆಂದರೆ ಆ ಅಂಗಡಿ ಬಿಡಿ. 54 ಎಂದು ಬರೆದ ಸೈಜಿನ ಮೇಲೆ ಭರವಸೆ ಇಡಬೇಡಿ, ಒಬ್ಬೊಬ್ಬರ 54 ಒಂದೊಂದು ತರ. ಈಗ ಓಡಿಸುತ್ತಿರುವ ಸೈಕಲ್ಲಿನ ಸ್ಟ್ಯಾಕ್, ರೀಚ್ ಅಳೆದು ಅದರೊಂದಿಗೆ ಹೋಲಿಸಿ.

ಮೊದಲ ಸಲ ಕಟ್ಟುವವರು ಬಾಟಮ್ ಬ್ರ್ಯಾಕೆಟ್ಟಿಗೆ ಥ್ರೆಡ್ ಇರುವ ಫ್ರೇಮನ್ನೇ ಆರಿಸಿ. ಬಿಎಸ್‌ಎ 68 ಮಿ.ಮೀ. ಅಥವಾ ಟಿ47 ಎಂಬ ಎರಡು ಥ್ರೆಡ್ ಬಗೆಗಳಲ್ಲಿ ಯಾವುದಾದರೂ ಸರಿ. ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್‌ಫಿಟ್ ಫ್ರೇಮಿನಲ್ಲಿ ಬೇರಿಂಗ್ ಕೂರುವ ತೂತು ಕೂದಲೆಳೆಯಷ್ಟು ಅಂಡಾಕಾರ ಇದ್ದರೂ ಪ್ರತಿ ಪೆಡಲಿಗೆ ಕಿರ್ ಕಿರ್ ಶುರು, ಗ್ರೀಸ್ ಎಷ್ಟು ಮೆತ್ತಿದರೂ ಹೋಗುವುದಿಲ್ಲ. ಅಂಥ ಫ್ರೇಮ್ ಈಗಾಗಲೇ ಕೈಯಲ್ಲಿದ್ದರೆ ಡಿಜಿಟಲ್ ವರ್ನಿಯರ್‌ನಿಂದ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಪ್ರೆಸ್‌ಫಿಟ್ ಬಗೆಗಳಲ್ಲಿ ಬಿಬಿ86ಕ್ಕೆ 41 ಮಿ.ಮೀ., ಬಿಬಿ386ಕ್ಕೆ 46 ಮಿ.ಮೀ. ಇರಬೇಕು. ವ್ಯತ್ಯಾಸ ಕಂಡರೆ ಬೇರಿಂಗ್ ಹಿಡಿಯುವ ಎರಡು ಕಪ್‌ಗಳು ಒಂದಕ್ಕೊಂದು ತಿರುಪಿಕೊಳ್ಳುವ ಬಾಟಮ್ ಬ್ರ್ಯಾಕೆಟ್ ಹಾಕಿ, ಬಹುಪಾಲು ಸದ್ದು ನಿಲ್ಲುತ್ತದೆ. ಬಿಎಸ್‌ಎಯಲ್ಲಿ ಬಲಗಡೆ ಕಪ್ಪಿನ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬೀದಿ ಬದಿ ಮೆಕ್ಯಾನಿಕ್ ಕೈಗೆ ಕೊಟ್ಟರೆ ಇದನ್ನು ಮೊದಲೇ ಹೇಳಿ.

ಹ್ಯಾಂಡಲ್ ಮತ್ತು ಹೆಡ್‌ಸೆಟ್ ಒಳಗಿಂದಲೇ ಎಲ್ಲ ಕೇಬಲ್ ಹಾದುಹೋಗುವ ಫ್ರೇಮ್ ನೋಡಲು ಚೆಂದ, ನಮ್ಮ ಊರಿಗೆ ಬೇಡ. ಮಳೆ ನೀರು, ಕೆಂಪು ಧೂಳು ಸೇರಿ ಮೇಲಿನ ಬೇರಿಂಗ್ ಬೇಗ ಸವೆಯುತ್ತದೆ, ಬದಲಾಯಿಸಲು ಬ್ರೇಕ್ ಹೋಸನ್ನೇ ಬಿಚ್ಚಬೇಕಾಗುತ್ತದೆ. ಸೀಟ್‌ಪೋಸ್ಟ್ 27.2 ಮಿ.ಮೀ. ದುಂಡಗಿನದೇ ಇರಲಿ, ಎಲ್ಲೆಡೆ ಸಿಗುತ್ತದೆ. ಹಿಂದಿನ ಗೇರ್ ತೂಗುವ ಹ್ಯಾಂಗರ್ ಯುಡಿಎಚ್ (ಬೇರೆ ಬೇರೆ ಕಂಪನಿಯ ಫ್ರೇಮಿಗೂ ಒಂದೇ ಆಕಾರದ್ದು) ಆಗಿದ್ದರೆ ಒಳ್ಳೆಯದು. ಗೇರ್ ಕಂಪನಿ ಸ್ರಾಮ್ 2019ರಲ್ಲಿ ತಂದ ಈ ಬಗೆ ಈಗ ಹಲವು ಕಂಪನಿಗಳ ಫ್ರೇಮಿನಲ್ಲಿದೆ. ಬೇರೆ ಆಕಾರದ್ದಾದರೆ ಫ್ರೇಮಿನ ಜೊತೆಗೇ ಇನ್ನೆರಡು ಹ್ಯಾಂಗರ್ ತರಿಸಿ. ಆಮೇಲೆ ಅದೊಂದು ತುಂಡಿಗಾಗಿ ತಿಂಗಳುಗಟ್ಟಲೆ ಕಾಯಬೇಕಾದೀತು.

ಕಾರ್ಬನ್ ವಿಷಯದಲ್ಲಿ ಒಂದೇ ಮಾತು. ತನ್ನದೇ ಹೆಸರಿನಲ್ಲಿ ಮಾರುವ, ಸೈಕಲ್ ಸುರಕ್ಷತೆಯ ಐಎಸ್‌ಒ 4210 ಪರೀಕ್ಷೆಯ ವರದಿ ಕೇಳಿದರೆ ಕಳಿಸುವ ತಯಾರಕರ ಫ್ರೇಮ್ ತೆಗೆದುಕೊಳ್ಳಬಹುದು. ದೊಡ್ಡ ಬ್ರ್ಯಾಂಡಿನ ಸ್ಟಿಕ್ಕರ್ ಅಂಟಿಸಿದ ಮೂರು ಕಾಸಿನ ಹ್ಯಾಂಡಲ್, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು), ಫೋರ್ಕ್ ಬಿಟ್ಟಿ ಕೊಟ್ಟರೂ ಬೇಡ. ಹ್ಯಾಂಡಲ್ ಮುರಿದರೆ ಬೀಳುವುದು ಹಲ್ಲಿನ ಮೇಲೆ. ಹ್ಯಾಂಡಲ್ ಮತ್ತು ಸ್ಟೆಮ್ ಅಲ್ಯೂಮಿನಿಯಮ್ಮಿನದೇ ಸಾಕು, ತೂಕದ ವ್ಯತ್ಯಾಸ ಒಂದು ಗುಟುಕು ನೀರಿನಷ್ಟು.

ಗೇರಿಗೆ ಚೀನಾದ ಸೆನ್ಸಾ, ಎಲ್‌ಟೂ ಎರಡೂ ಕಂಪನಿಗಳದ್ದು ನಡೆಯುತ್ತದೆ. ಮಣ್ಣುದಾರಿಗೆ ಸೆನ್ಸಾ ಎಸ್‌ಆರ್‌ಎಕ್ಸ್ ಪ್ರೊ, ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ 11 ಹಲ್ಲುಚಕ್ರ. ಬರೀ ಡಾಂಬರಿಗಾದರೆ ಮುಂದೆ ಎರಡು ಇರುವ ಎಲ್‌ಟೂ ಆರ್9. ಶಿಫ್ಟರ್ (ಗೇರ್ ಬದಲಿಸುವ ಲಿವರ್) ಮತ್ತು ಹಿಂದಿನ ಡಿರೇಲರ್ (ಚೈನ್ ಸರಿಸುವ ತೋಳು) ಒಂದೇ ಕಂಪನಿಯ ಒಂದೇ ಸರಣಿಯದಾಗಿರಲಿ. ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಬೆರೆಸಿದರೆ ಮೇಲಿನ ಮೂರು ಗೇರ್ ಸರಿಯಾಗಿ ಕೆಳಗಿನ ಮೂರು ಜಿಗಿಯುತ್ತವೆ. ಚೈನ್ ಮತ್ತು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮಾತ್ರ ಇಲ್ಲೇ ಸಿಗುವ ಶಿಮಾನೊ ಅಥವಾ ಕೆಎಂಸಿ 11 ಸ್ಪೀಡ್ ಹಾಕಿ, ಅವು ಹೇಗೂ ಸವೆದು ಬದಲಾಗುವ ಸಾಮಾನು. ಮುಂದೆ 40 ಹಲ್ಲು, ಹಿಂದೆ 11ರಿಂದ 42 ಇಟ್ಟರೆ ಅತಿ ಹಗುರ ಗೇರ್ 0.95 ಬರುತ್ತದೆ (ಪೆಡಲ್ ಒಂದು ಸುತ್ತಿಗೆ ಚಕ್ರ 0.95 ಸುತ್ತು), ನಂದಿಯ ಏರಿಗೆ ಕುಳಿತೇ ಹೋಗಬಹುದು. ಅತಿ ಭಾರದ ಗೇರಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 43 ಕಿ.ಮೀ. ಆಸುಪಾಸು. ಅದಕ್ಕಿಂತ ವೇಗವಾಗಿ ತುಳಿಯುವವರು ಮುಂದೆ ಎರಡು ಚೈನ್‌ರಿಂಗ್ ಇಡಲಿ. 11-42 ಕ್ಯಾಸೆಟ್ಟನ್ನು 11 ಸ್ಪೀಡಿನ ರೋಡ್ ಹಬ್‌ಗೆ (ಚಕ್ರದ ನಡುವಿನ ಗುಂಬ) ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. ಮರೆತರೆ ಕ್ಯಾಸೆಟ್ ಹಿಡಿಯುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ.

ಪೆಟ್ಟಿಗೆಯಲ್ಲಿ ಉಚಿತವಾಗಿ ಬರುವ ಕೇಬಲ್ ಬಿಸಾಡಿ, ಶಿಮಾನೊ ಅಥವಾ ಜ್ಯಾಗ್‌ವೈರ್ ಹಾಕಿ. ಗೇರ್ ಸರಿ ಬೀಳುತ್ತಿಲ್ಲ ಎಂಬ ದೂರಿನಲ್ಲಿ ಕೇಬಲ್ಲಿನ ಪಾಲು ಡಿರೇಲರ್‌ಗಿಂತ ದೊಡ್ಡದು.

ಬ್ರೇಕ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪೂರ್ತಿ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಲಿವರ್ ದುಬಾರಿ. ಕೇಬಲ್ಲಿನಿಂದ ಎಳೆದು ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗಷ್ಟೇ ಎಣ್ಣೆಯಿಂದ ಒತ್ತುವ ಬಗೆ ಇದೆ, ತೈವಾನಿನ ಜುಯಿನ್ ಟೆಕ್, ಚೀನಾದ ಝಡ್‌ರೇಸ್ ಮಾಡುತ್ತವೆ. ಲಕ್ಷದ ಬಜೆಟ್ಟಿಗೆ ನನ್ನ ಆಯ್ಕೆ ಇದೇ. ಕೊಳ್ಳುವಾಗ ರೋಡ್ ಲಿವರ್‌ಗೆ ಹೊಂದುವ ಶಾರ್ಟ್ ಪುಲ್ (ಕಡಿಮೆ ಕೇಬಲ್ ಎಳೆತದ್ದು) ಎಂದು ಖಚಿತಪಡಿಸಿಕೊಳ್ಳಿ. ಎಂಟಿಬಿಯದು (ಮೌಂಟನ್ ಬೈಕಿನದು) ತಂದರೆ ಲಿವರ್ ಹ್ಯಾಂಡಲಿಗೆ ತಾಗಿದರೂ ಸೈಕಲ್ ನಿಲ್ಲುವುದಿಲ್ಲ.

ಈ ಕ್ಯಾಲಿಪರ್ ಹೊಂದಿಸುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಲಿವರ್ ಇನ್ನೂ ಗಟ್ಟಿ ಸಿಗಲಿ ಎಂದು ಬ್ಯಾರಲ್ ಅಡ್ಜಸ್ಟರ್ (ಕೇಬಲ್ ಬಿಗಿ ಹೊಂದಿಸುವ ತಿರುಪು) ತಿರುಗಿಸಿ ಕೇಬಲ್ ಬಿಗಿ ಮಾಡುತ್ತಾರೆ. ಆಗ ಕ್ಯಾಲಿಪರಿನ ತೋಳು ಸ್ವಲ್ಪ ಮೇಲೆದ್ದೇ ನಿಲ್ಲುತ್ತದೆ, ಒಳಗೆ ಎಣ್ಣೆಯ ತೊಟ್ಟಿಗೂ ಪಿಸ್ಟನ್ನಿಗೂ ನಡುವಿನ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ. ಪ್ಯಾಡ್ ಸವೆದಂತೆ ತಾನೇ ಮುಂದೆ ಬರಬೇಕಾದ ಪಿಸ್ಟನ್ ಬರುವುದಿಲ್ಲ. ನಂದಿ ಇಳಿಯುವಾಗ ಎಣ್ಣೆ ಬಿಸಿಯಾಗಿ ಹಿಗ್ಗಿದರೆ ಹಿಂದೆ ಹೋಗಲು ದಾರಿಯಿಲ್ಲದೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ. ಸರಿಯಾದ ಕ್ರಮ ಹೀಗೆ: ಅಡ್ಜಸ್ಟರ್ ಪೂರ್ತಿ ಒಳಗೆ ತಿರುಗಿಸಿ, ತೋಳು ವಿಶ್ರಾಂತಿಯ ಜಾಗಕ್ಕೆ ಬಂದು ತಾಗಿರುವುದನ್ನು ಬೆರಳಿಟ್ಟು ನೋಡಿ, ಕೇಬಲ್ಲಿನ ಜೋಲು ಹೋಗುವಷ್ಟೇ ಎಳೆದು ಬೋಲ್ಟ್ ಬಿಗಿಯಿರಿ. ಆಮೇಲೆ ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ, ಪ್ಯಾಡ್‌ಗಳು ತಾವೇ ಡಿಸ್ಕ್ ಹತ್ತಿರ ಬರುತ್ತವೆ. ಬ್ರೇಕಿಗೆ ಒತ್ತಡಕ್ಕೆ ಕುಗ್ಗದ ಕಂಪ್ರೆಶನ್‌ಲೆಸ್ ಹೌಸಿಂಗ್ (ಕೇಬಲ್ಲಿನ ಹೊರಕವಚ) ಹಾಕಿ, ಸಾಮಾನ್ಯ ಸುರುಳಿ ಹೌಸಿಂಗಿನಲ್ಲಿ ಲಿವರ್ ಸ್ಪಂಜಿನಂತಾಗುತ್ತದೆ.

ಕ್ಯಾಲಿಪರನ್ನು ಫ್ರೇಮಿಗೆ ಚಪ್ಪಟೆಯಾಗಿ ಬಿಗಿಯುವ ಫ್ಲ್ಯಾಟ್ ಮೌಂಟ್ ಕೂರುವ ಜಾಗದಲ್ಲಿ ಬಣ್ಣದ ಗಂಟು ಇರುವುದು ಅಗ್ಗದ ಫ್ರೇಮಿನಲ್ಲಿ ಮಾಮೂಲು, ಕ್ಯಾಲಿಪರ್ ಓರೆಯಾಗಿ ಡಿಸ್ಕ್ ಸದಾ ಉಜ್ಜುತ್ತದೆ. ಹೆಚ್ಚುವರಿ ಬಣ್ಣವನ್ನಷ್ಟೇ ಕೆರೆದು ತೆಗೆಯಿರಿ. ಹಿಂದಿನ ಬೋಲ್ಟಿನ ಉದ್ದ ಚೈನ್‌ಸ್ಟೇ (ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೆಳ ಕೊಳವೆ) ದಪ್ಪಕ್ಕಿಂತ 13 ಮಿ.ಮೀ. ಹೆಚ್ಚಿರಬೇಕು, 15 ಮಿ.ಮೀ. ದಪ್ಪಕ್ಕೆ 28ರ ಬೋಲ್ಟ್. ಉದ್ದ ಕಡಿಮೆಯಾದರೆ ಎರಡೇ ಸುತ್ತು ಹಿಡಿದು ಒಂದು ದಿನ ಕಿತ್ತು ಬರುತ್ತದೆ. ಡಿಸ್ಕ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಡಿಸ್ಕಿಗೆ ಇನ್ನೂ ಪಳಗದ ಹೊಸ ಪ್ಯಾಡಿನೊಂದಿಗೆ ಇಳಿಜಾರಿಗೆ ಹೋಗಬೇಡಿ, ಖಾಲಿ ರಸ್ತೆಯಲ್ಲಿ 25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲ ಇಳಿಸಿ.

ಚಕ್ರಕ್ಕೆ ಕಾರ್ಬನ್ ರಿಮ್ ಆಸೆ ಬಿಡಿ. ನಮ್ಮ ಗುಂಡಿಗೆ ಬಿದ್ದ ಅಲ್ಯೂಮಿನಿಯಂ ರಿಮ್ ಬೆಂಡಾದರೆ ತೆಗೆಯಬಹುದು, ಕಾರ್ಬನ್ ಸೀಳಿದರೆ ಮುಗಿಯಿತು. 28 ಸ್ಪೋಕ್, ಹಿತ್ತಾಳೆ ನಿಪ್ಪಲ್, ಮುಂದೆ 12×100, ಹಿಂದೆ 12×142 ಆ್ಯಕ್ಸಲ್, ರಿಮ್ ಅಂಚಿಗೆ ಕೊಕ್ಕೆ ಇರುವ ಬಗೆ. ಕೊಕ್ಕೆ ಇಲ್ಲದ ರಿಮ್ಮಿಗೆ ಗಾಳಿ 72 ಪಿಎಸ್‌ಐ ಮೀರುವಂತಿಲ್ಲ, ಎಲ್ಲ ಟೈರೂ ಒಗ್ಗುವುದಿಲ್ಲ. ಆ್ಯಕ್ಸಲ್ಲಿನ ಥ್ರೆಡ್ ಅಂತರ 1.0, 1.5, 1.75 ಎಂದು ಮೂರು ಬಗೆ. ಬೆರಳಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗದಿದ್ದರೆ ಪಾನ ಹಿಡಿದು ಬಲವಂತ ಮಾಡಬೇಡಿ, ಹಾಳಾಗುವುದು ಫ್ರೇಮಿನ ಥ್ರೆಡ್. ಟೈರ್ ಇಲ್ಲೇ ಕೊಳ್ಳಿ, ಒಳ್ಳೆಯ ಕಂಪನಿಯದು, 40 ಮಿ.ಮೀ. ಟ್ಯೂಬ್‌ಲೆಸ್ ಮಾಡುವುದಾದರೆ ರಿಮ್ ಒಳ ಅಗಲಕ್ಕಿಂತ 2-3 ಮಿ.ಮೀ. ಹೆಚ್ಚಿನ ಟೇಪ್, ಚಕ್ರಕ್ಕೆ 60ರಿಂದ 90 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ). 70 ಕೆ.ಜಿ. ತೂಕದವರಿಗೆ 35-40 ಪಿಎಸ್‌ಐ ಒಳ್ಳೆಯ ಶುರು.

ತರಿಸುವುದು ಹೇಗೆ ಎಂದರೆ, ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್‌ನ ಆ್ಯಪನ್ನು ಸರ್ಕಾರ 2020ರ ನವೆಂಬರ್‌ನಲ್ಲಿ ನಿಷೇಧಿಸಿದ ಮೇಲೆ ತಯಾರಕರಿಗೇ ನೇರ ಮೇಲ್ ಬರೆದು ಕೊರಿಯರ್‌ನಲ್ಲಿ ತರಿಸುವವರಿದ್ದಾರೆ. ಸುಂಕ ಬೀಳುವುದು ಬರೀ ಸಾಮಾನಿನ ಬೆಲೆಯ ಮೇಲಲ್ಲ, ಸಾಗಾಟ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಅದರ ಮೇಲೆ ಸರ್ಚಾರ್ಜ್, ಐಜಿಎಸ್‌ಟಿ. ಫ್ರೇಮಿನ ಪೆಟ್ಟಿಗೆ 110×60×25 ಸೆಂ.ಮೀ. ಇದ್ದು ಕೊರಿಯರ್‌ನವರು ತೂಕದ ಬದಲು ಗಾತ್ರ ಹಿಡಿದು 5000ದಿಂದ ಭಾಗಿಸಿದರೆ 33 ಕೆ.ಜಿ. ಲೆಕ್ಕ ಬರುತ್ತದೆ, ಒಳಗಿರುವ ಫ್ರೇಮ್ ಎರಡು ಕೆ.ಜಿ. ಆಗದಿದ್ದರೂ. ಹಾಗಾಗಿ ಫೋರ್ಕ್, ಹೆಡ್‌ಸೆಟ್, ಸೀಟ್‌ಪೋಸ್ಟ್ ಅದೇ ಪೆಟ್ಟಿಗೆಯಲ್ಲಿ ಹಾಕಿಸಿ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಓಡಾಟ ನಿಮ್ಮದು. ಲಕ್ಷದಲ್ಲಿ 25 ಸಾವಿರ ಸುಂಕ, ಸಾಗಾಟ, ಉಪಕರಣಕ್ಕೆಂದು ಎತ್ತಿಟ್ಟೇ ಉಳಿದದ್ದಕ್ಕೆ ಪಟ್ಟಿ ಮಾಡಿ.

ಉಪಕರಣದಲ್ಲಿ ಟಾರ್ಕ್ ಪಾನ (ಎಷ್ಟು ಬಿಗಿಯಾಯಿತೆಂದು ಹೇಳುವ ಪಾನ) ಇಲ್ಲದೆ ಕಾರ್ಬನ್ ಮುಟ್ಟಬೇಡಿ. ಸ್ಟೆಮ್ ಬೋಲ್ಟ್ 5 ನ್ಯೂಟನ್ ಮೀಟರ್, ಎಡ ಕ್ರ್ಯಾಂಕಿನ ಎರಡು ಬೋಲ್ಟ್ 12-14, ಕ್ಯಾಸೆಟ್ ಮತ್ತು ಡಿಸ್ಕ್ ಹಿಡಿಯುವ ಸೆಂಟರ್‌ಲಾಕ್ ರಿಂಗ್ 40. ಭಾಗದ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದೇ ಅಂತಿಮ. ಕಾರ್ಬನ್ ಸೀಟ್‌ಪೋಸ್ಟಿಗೆ ಗ್ರೀಸ್ ಬೇಡ, ಮರಳಿನಂತಿರುವ ಕಾರ್ಬನ್ ಪೇಸ್ಟ್ ಹಚ್ಚಿ. ಹೊಸ ಹ್ಯಾಂಗರ್ ನೇರ ಇರುತ್ತದೆ ಎಂದುಕೊಳ್ಳಬೇಡಿ; ಅಂಗಡಿಯಲ್ಲಿ ಗೇಜ್ ಹಿಡಿಸಿ, ರಿಮ್ ಸುತ್ತ ವ್ಯತ್ಯಾಸ 4 ಮಿ.ಮೀ. ಒಳಗಿದ್ದರೆ ಮಾತ್ರ ಗೇರ್ ಟ್ಯೂನ್ ಮಾಡಲು ಕೂರಿ. ಹೆಡ್‌ಸೆಟ್ ಪ್ರೆಸ್, ಫೋರ್ಕ್ ಕತ್ತರಿಸುವುದು ಇವನ್ನೂ ಅಂಗಡಿಗೇ ಬಿಡಬಹುದು, ಆದರೆ ತಾವು ಮಾರದ, ಹೊರಗಿಂದ ತಂದ ಫ್ರೇಮ್ ಮುಟ್ಟುತ್ತಾರೋ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಹ್ಯಾಂಡಲ್ ಕಡೆಗೆ ಮೇಲೆ ಬರುವ ಫೋರ್ಕಿನ ಕೊಳವೆಯನ್ನು ಮೊದಲ ದಿನವೇ ಕತ್ತರಿಸಬೇಡಿ. ಸ್ಟೆಮ್ ಮೇಲೂ ಕೆಳಗೂ ಸ್ಪೇಸರ್ ಇಟ್ಟು ಒಂದೆರಡು ವಾರ ಓಡಿಸಿ, ಎತ್ತರ ನಿಶ್ಚಯವಾದ ಮೇಲೆ ಗುರುತು ಹಾಕಿ. ಮೇಲಿನ ಸ್ಪೇಸರಿನ ಅಂಚಿಗಿಂತ ಕೊಳವೆ 3 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಕ್ಯಾಪ್ ಎಷ್ಟು ಬಿಗಿದರೂ ಹೆಡ್‌ಸೆಟ್ ಅಲುಗಾಟ ಹೋಗುವುದಿಲ್ಲ. ಕಾರ್ಬನ್ ಕೊಳವೆ ಕತ್ತರಿಸುವಾಗ ನೀರು ಹಾಕುತ್ತಿರಿ, ಮೂಗಿಗೆ ಮಾಸ್ಕ್ ಇರಲಿ. ನೂರು ನೂರೈವತ್ತು ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಟಾರ್ಕ್ ನೋಡಿ, ಹೊಸ ಸ್ಪೋಕ್‌ಗಳು ಕುಳಿತು ಸಡಿಲವಾಗಿರುತ್ತವೆ, ಚಕ್ರವನ್ನು ಮತ್ತೆ ಬೆಂಡ್ ತೆಗೆಸಿ. ಸೀಲೆಂಟ್ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೆ ಒಣಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ಸಳಸಳ ಸದ್ದು ಬರದಿದ್ದರೆ ಮತ್ತೆ ಹಾಕಿ.