ಮನೆಯಲ್ಲೇ ಬೈಬಲ್ ಓದಿಕೊಂಡು, ಪ್ರಸಂಗ ಕೇಳಿಕೊಂಡು ವಿಶ್ವಾಸದಲ್ಲಿ ಬೆಳೆಯಬಹುದಾ? ಮನೆಕೂಟಕ್ಕೆ ಹೋಗಲೇಬೇಕಾ?

"ದಿನಾ ಬೈಬಲ್ ಓದುತ್ತೇನೆ, ಭಾನುವಾರ ಯೂಟ್ಯೂಬಿನಲ್ಲಿ ಆರಾಧನೆ ನೋಡುತ್ತೇನೆ, ನಮ್ಮ ಬೀದಿಯ ಮನೆಕೂಟದವರು ನನಗಿಂತ ಕಡಿಮೆ ತಿಳಿದವರು, ಅವರ ಜೊತೆ ಕೂತು ನಾನೇನು ಬೆಳೆಯಲಿ" ಅಂತ ಕೇಳಿದ್ದೀರಿ. ಕೊನೆಯ ಮಾತು ಓದಿ ನಗು ಬಂತು. ಅದನ್ನೇ ನಾನು 2020ರಲ್ಲಿ ನನ್ನ ಹೆಂಡತಿಗೆ ಹೇಳಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

ನಮ್ಮದು ಬೆಟಗೇರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನವರು 1841ರಲ್ಲಿ ಅಲ್ಲಿಗೆ ಬಂದವರು. ನಮ್ಮ ಮನೆತನದಲ್ಲಿ ನಾನು ಐದನೇ ತಲೆಮಾರಿನ ಕ್ರೈಸ್ತ. ಅಜ್ಜನ ಕಾಲದ ಕೀರ್ತನೆ ಪುಸ್ತಕ ಈಗಲೂ ಮನೆಯಲ್ಲಿದೆ. ಹಾಗಾಗಿ ವಿಶ್ವಾಸ ಅಂದರೆ ಹೊಲ ಮನೆ ಇದ್ದ ಹಾಗೆ, ತಾನಾಗಿಯೇ ಪಾಲಿಗೆ ಬರುತ್ತೆ ಅಂದುಕೊಂಡಿದ್ದೆ. ಕೆಲಸಕ್ಕೆ ಪೀಣ್ಯಕ್ಕೆ ಬಂದ ಮೇಲೆ ಒಂದು ದೊಡ್ಡ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಿದ್ದೆ. ಆಶೀರ್ವಾದ ಮುಗಿದ ತಕ್ಷಣ ಬೈಕ್ ಸ್ಟಾರ್ಟ್. ಏಳು ವರ್ಷದಲ್ಲಿ ಅಲ್ಲಿ ನನ್ನ ಹೆಸರು ಗೊತ್ತಿದ್ದದ್ದು ಪಾರ್ಕಿಂಗ್ ನೋಡಿಕೊಳ್ಳುವವನಿಗೆ ಮಾತ್ರ.

2020ರಲ್ಲಿ ಲಾಕ್‌ಡೌನ್ ಬಂತು. ಸಭೆಗಳೆಲ್ಲ ಮೊಬೈಲಿಗೆ ಬಂದವು. ನನಗಂತೂ ಹಬ್ಬ. ಬೆಳಿಗ್ಗೆ ಒಂದು ಪ್ರಸಂಗ, ರಾತ್ರಿ ಒಂದು. ರೋಮಾಪುರದವರಿಗೆ ಬರೆದ ಪತ್ರವನ್ನು ಒಂದೊಂದೇ ವಚನ ಹಿಡಿದು ಕೇಳಿದೆ. ಪ್ರಸಂಗ ಮುಗಿದ ಮೇಲೆ ಅದೇ ಮೊಬೈಲಿನಲ್ಲಿ, ಅದೇ ಹಾಸಿಗೆಯಲ್ಲಿ ಆನ್‌ಲೈನ್ ರಮ್ಮಿ. ಹೌದು, ಎರಡೂ ಒಟ್ಟಿಗೆ ನಡೆಯುತ್ತಿತ್ತು. ನಡೆಯಲ್ಲ ಅಂತ ಹೇಳುವವರಿಗೆ ಅನುಭವ ಇಲ್ಲ ಅಷ್ಟೇ. ಮೊದಲ ವಾರ 2,300 ರೂಪಾಯಿ ಗೆದ್ದೆ. ಗೆದ್ದ ಕಥೆ ಅಲ್ಲಿಗೇ ಮುಗಿಯಿತು.

ಮನೆಕೂಟಕ್ಕೆ ಹೋಗಲು ಶುರು ಮಾಡಿದ್ದು 2021ರ ಜನವರಿಯಲ್ಲಿ. ಅದೂ ಹೆಂಡತಿಯ ಕಾಟಕ್ಕೆ. ಬುಧವಾರ ಸಂಜೆ ಏಳೂವರೆಗೆ, ದಾಸರಹಳ್ಳಿಯಲ್ಲಿ, ಮೂರನೇ ಮಹಡಿಯ ಮನೆ. ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಎರಡು ಚಾಪೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬರುತ್ತಿದ್ದವರು ಒಂಬತ್ತು ಹತ್ತು ಜನ. ಒಬ್ಬ ಆಟೋ ಓಡಿಸುವ ಅಣ್ಣ, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಒಂದು ಹುಡುಗಿ, ಒಂದು ವಯಸ್ಸಾದ ದಂಪತಿ, ಮತ್ತೆ ಮನೆಯ ಯಜಮಾನಿ. ಅವರು ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್, ಎಲ್ಲರೂ ಟೀಚರಮ್ಮ ಅಂತಲೇ ಕರೆಯುತ್ತಿದ್ದೆವು. ಹಾಡು ಶ್ರುತಿಗೆ ನಿಲ್ಲುತ್ತಿರಲಿಲ್ಲ. ಬೈಬಲಿನಲ್ಲಿ ಹಬಕ್ಕೂಕ ಅನ್ನುವ ಪುಸ್ತಕ ಎಲ್ಲಿದೆ ಅಂತ ಹುಡುಕಲು ಐದು ನಿಮಿಷ. ನಾನು ಮನಸ್ಸಿನಲ್ಲೇ ಎಲ್ಲರಿಗೂ ಮಾರ್ಕ್ಸ್ ಹಾಕುತ್ತಾ ಕೂರುತ್ತಿದ್ದೆ.

ಕೊನೆಯಲ್ಲಿ ಟೀಚರಮ್ಮ ಉದ್ದನೆಯ ನೋಟ್‌ಬುಕ್ ತೆಗೆಯುತ್ತಿದ್ದರು. ಸ್ಕೇಲ್ ಇಟ್ಟು ಗೀಟು ಹಾಕಿದ ನಾಲ್ಕು ಕಾಲಂ: ತಾರೀಕು, ಹೆಸರು, ಪ್ರಾರ್ಥನಾ ವಿಷಯ, ಕೊನೆಗೆ ಟಿಕ್ ಹಾಕಲು ಒಂದು ಚಿಕ್ಕ ಜಾಗ. ಉತ್ತರ ಸಿಕ್ಕಿದರೆ ಕೆಂಪು ಪೆನ್ನಲ್ಲಿ ಟಿಕ್. ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ನಾನು "ಕೆಲಸದ ಒತ್ತಡ" ಅನ್ನುತ್ತಿದ್ದೆ. ಪ್ರತಿ ವಾರವೂ ಅದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡನೇ ಲಾಕ್‌ಡೌನ್ ಮುಗಿದ ಮೇಲೆ, ಆಗಸ್ಟಿನ ಒಂದು ಬುಧವಾರ. ಆಟೋ ಅಣ್ಣನ ಸರದಿ ಬಂತು. ಅವರು ನೆಲ ನೋಡುತ್ತಾ, "ಮತ್ತೆ ಕುಡೀತಾ ಇದ್ದೀನಿ. ಮೂರು ದಿನ ಆಯ್ತು" ಅಂದರು. ಯಾರಾದರೂ ಬೈಯುತ್ತಾರೆ, ಇಲ್ಲ ಉಪದೇಶ ಶುರು ಮಾಡುತ್ತಾರೆ ಅಂತ ನಾನು ಕಾದೆ. ಟೀಚರಮ್ಮ ಬರೆದುಕೊಂಡರು, ಅಷ್ಟೇ. ಗಾರ್ಮೆಂಟ್ಸ್ ಹುಡುಗಿ ಕೇಳಿದಳು: "ಅಣ್ಣಾ, ಯಾವ ಹೊತ್ತಲ್ಲಿ ಜಾಸ್ತಿ ಅನ್ಸುತ್ತೆ?" "ಒಂಬತ್ತಕ್ಕೆ ಗಾಡಿ ನಿಲ್ಸಿದ ಮೇಲೆ." "ಸರಿ, ಒಂಬತ್ತಕ್ಕೆ ನಾನು ಫೋನ್ ಮಾಡ್ತೀನಿ. ಎತ್ತಬೇಕು ಮತ್ತೆ." ಮುಂದಿನ ಸರದಿ ನನ್ನದು. ಆ ಹೊತ್ತಿಗೆ ನಾನು 60 ಸಾವಿರ ಕಳೆದಿದ್ದೆ. ಮಾತು ಬಾಯಿಯವರೆಗೂ ಬಂದಿತ್ತು. ಬಾಗಿಲು ಅಷ್ಟು ಅಗಲಕ್ಕೆ ತೆರೆದಿತ್ತು, ಒಬ್ಬ ಮನುಷ್ಯ ಆಗಲೇ ಒಳಗೆ ಹೋಗಿ ತೋರಿಸಿದ್ದ. ನಾನು "ಕೆಲಸದ ಒತ್ತಡ" ಅಂದೆ.

ಅಷ್ಟೇ ತಪ್ಪು. ರಮ್ಮಿ ಆಡಿದ್ದು ಪಾಪ, ಇಲ್ಲ ಅನ್ನಲ್ಲ. ಆದರೆ ನನ್ನನ್ನು ಮುಳುಗಿಸಿದ್ದು ಆ ಎರಡು ಪದ. ಯಾಕಂದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಕೆಲಸದಲ್ಲಿ ಒತ್ತಡ ಇತ್ತು. ಪೂರ್ತಿ ಸುಳ್ಳು ಹೇಳಿದ್ದರೆ ರಾತ್ರಿ ನಿದ್ದೆ ಕೆಡುತ್ತಿತ್ತೇನೋ. ಇದು ಅರ್ಧ ನಿಜ, ಹಾಗಾಗಿ ಪ್ರಾರ್ಥನೆಯನ್ನೂ ಮಾಡಿಸಿಕೊಂಡು, ಟೀ ಕುಡಿದು, ಹಗುರಾಗಿ ಮನೆಗೆ ಬಂದು ಆಡುತ್ತಿದ್ದೆ. ಯಾಕೋಬ 5:16 ನನಗೆ ಬಾಯಿಪಾಠ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅನ್ನುವ ಆ ವಚನದ ಗ್ರೀಕ್ ಪದದ ಮೇಲೆ ನಲವತ್ತು ನಿಮಿಷದ ಪ್ರಸಂಗ ಕೇಳಿದ್ದೆ. ಆ ಪದ ಗೊತ್ತಿಲ್ಲದ ಆಟೋ ಅಣ್ಣ ಅದನ್ನು ಮಾಡಿದರು, ಗೊತ್ತಿದ್ದ ನಾನು ಮಾಡಲಿಲ್ಲ. ಈಗ ಹೇಳಿ, ಆ ಕೋಣೆಯಲ್ಲಿ ಕಡಿಮೆ ತಿಳಿದವನು ಯಾರು?

ಅದೇ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನನ್ನ ಆ್ಯಪ್ ನಿಂತಿತು. ನಾನು ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದೆ! ಯಾರಿಗೂ ಏನೂ ಹೇಳದೆಯೇ ದೇವರು ಬಿಡಿಸಿದ ಅಂತ. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಸ್ವಲ್ಪ ದಿನಕ್ಕೆ ಮೊಬೈಲಿಗೆ ಬೋನಸ್ ಕೊಡುತ್ತೇವೆ ಬನ್ನಿ ಅಂತ ಮೆಸೇಜ್. ಅವತ್ತು ರಾತ್ರಿಯೇ ಹೋದೆ. ಆಮೇಲೆ ಚೀಟಿ ಎತ್ತಿದ ದುಡ್ಡು, ಮೂರು ಲೋನ್ ಆ್ಯಪ್, ಕೊನೆಗೆ ಹೆಂಡತಿಯ ಚೈನು. ಅಕ್ಟೋಬರ್ ಹೊತ್ತಿಗೆ ಒಟ್ಟು 4,10,000. ಹಿಂದಿನ ಆಗಸ್ಟಿನಲ್ಲಿ ಬಾಯಿ ಬಿಟ್ಟಿದ್ದರೆ 60 ಸಾವಿರಕ್ಕೆ ಮುಗಿಯುತ್ತಿತ್ತು. ಲೆಕ್ಕ ನೀವೇ ಹಾಕಿ.

ನಾನಾಗಿ ಹೇಳಿದ್ದೂ ಅಲ್ಲ. ಒಂದು ಬುಧವಾರ ಎಲ್ಲರೂ ಹೋದ ಮೇಲೆ ಟೀಚರಮ್ಮ ನನ್ನನ್ನು ಕೂರಿಸಿದರು. ಆಟೋ ಅಣ್ಣ ಬಾಗಿಲ ಹತ್ತಿರ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ನೋಟ್‌ಬುಕ್ ತೆರೆದು ಟೀಚರಮ್ಮ ಬೆರಳಿಟ್ಟು ತೋರಿಸಿದರು. ಕೆಲಸದ ಒತ್ತಡ, ಕೆಲಸದ ಒತ್ತಡ, ಕೆಲಸದ ಒತ್ತಡ. ಕೆಲವು ಕಡೆ ಬರೆಯಲು ಬೇಜಾರಾಗಿ ಮೇಲಿನಂತೆಯೇ ಅಂತ ಎರಡು ಚುಕ್ಕೆ ಹಾಕಿದ್ದರು. "ಆಟೋ ಅವನದ್ದು ನೋಡು, ಎಷ್ಟು ಸಲ ಬಿದ್ದಿದ್ದಾನೆ, ಎಷ್ಟು ಟಿಕ್ ಇದೆ. ನಿಂದಕ್ಕೆ ಟಿಕ್ ಹಾಕೋಣ ಅಂದ್ರೆ ಇಲ್ಲಿ ಏನೂ ಇಲ್ವಲ್ಲಪ್ಪ" ಅಂದರು. ನಾನು ನಾಲ್ಕು ಲಕ್ಷ ಹತ್ತು ಸಾವಿರ ಅಂದೆ. ಮೊದಲು ಬಾಯಿಂದ ಬಂದದ್ದು ಆ ಸಂಖ್ಯೆ ಮಾತ್ರ.

ಅವರು ದುಡ್ಡು ಕೊಡಲಿಲ್ಲ. ಒಳ್ಳೆಯದೇ ಆಯಿತು, ಕೊಟ್ಟಿದ್ದರೆ ಅದನ್ನೂ ಆಡುತ್ತಿದ್ದೆ. ಇವತ್ತೇ ಹೆಂಡತಿಗೆ ಹೇಳು ಅಂದರು. ಆಟೋ ಅಣ್ಣ ನನ್ನನ್ನು ಮನೆಗೆ ಕರೆದುಕೊಂಡು ಬಂದು, ಒಳಗೆ ಬರದೆ, ಹೊರಗೆ ಮೆಟ್ಟಿಲ ಮೇಲೆ ಕೂತರು. ರಾತ್ರಿ ಹನ್ನೊಂದೂವರೆವರೆಗೂ ಕೂತಿದ್ದರು. ಒಂದು ಬಾಡಿಗೆ ಬಿಟ್ಟಿರಬೇಕು, ಎರಡು ಬಿಟ್ಟಿರಬೇಕು, ನಾನು ಕೇಳಿಲ್ಲ. ಹೆಂಡತಿ 19 ದಿನ ಮಾತಾಡಲಿಲ್ಲ. ದುಡ್ಡಿಗಿಂತ ಜಾಸ್ತಿ ಅವಳಿಗೆ ನೋವಾಗಿದ್ದು ತನಗಿಂತ ಮೊದಲು ಕೂಟದವರಿಗೆ ಗೊತ್ತಾಯಿತಲ್ಲ ಅಂತ. ಅದು ನ್ಯಾಯವಾದ ಸಿಟ್ಟು, ಈಗಲೂ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆಮೇಲೆ ಅಯ್ಯನವರು, ಅಂದರೆ ನಮ್ಮ ಪಾಸ್ಟರ್, ಒಂದು ಸಂಗತಿ ಹೇಳಿದರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೋಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯ ಜನ ಕೂಡುತ್ತಿದ್ದ ಕಟ್ಟಡದ ಮೇಲೆ ಸಾಲ ಇತ್ತಂತೆ. ಅದನ್ನು ತೀರಿಸಲು ಜನರನ್ನು ಹನ್ನೆರಡರಂತೆ ಗುಂಪು ಮಾಡಿ, ಒಬ್ಬೊಬ್ಬ ಮುಖಂಡ ಪ್ರತಿ ವಾರ ಮನೆಮನೆಗೆ ಹೋಗಿ ತಲೆಗೆ ಒಂದು ಪೆನ್ನಿ ವಸೂಲಿ ಮಾಡಬೇಕು ಅಂತಾಯಿತು. ವಸೂಲಿಗೆ ಹೋದವರಿಗೆ ಮನೆಯೊಳಗಿನ ನಿಜ ಕಾಣಿಸಿತು, ಯಾರು ಹೇಗೆ ಬದುಕುತ್ತಿದ್ದಾರೆ ಅಂತ. ಮೆಥೋಡಿಸ್ಟರ ಕ್ಲಾಸ್ ಮೀಟಿಂಗ್ ಅನ್ನುವ ಸಣ್ಣ ಕೂಟಗಳು ಹುಟ್ಟಿದ್ದು ಹಾಗೆ, ಸಾಲದಿಂದ. ನನಗೆ ಅದು ಇಷ್ಟವಾಯಿತು, ಯಾಕೆ ಅಂತ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಪ್ರಶ್ನೆ. ದೊಡ್ಡ ಸಭೆಯೋ, ಮನೆಕೂಟವೋ, ಆನ್‌ಲೈನೋ ಅಂತ ತೂಗಿ ನೋಡುತ್ತಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ನಿಮಗಿಂತ ಜಾಸ್ತಿ ತಿಳಿದವರು ಬೇಕು ಅಂತ ಹುಡುಕುತ್ತಿದ್ದೀರಲ್ಲ, ತಿಳಿದವರು ಯೂಟ್ಯೂಬಿನಲ್ಲಿ ಬೇಕಾದಷ್ಟಿದ್ದಾರೆ, ಅವರು ಒಂಬತ್ತು ಗಂಟೆಗೆ ನಿಮಗೆ ಫೋನ್ ಮಾಡಲ್ಲ. ಕೂಟದಲ್ಲಿ ಒಂದೇ ವಿಷಯ ನೋಡಿ: ಒಳಗೆ ಆಡಿದ ಮಾತು ಮರುದಿನ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತದಾ? ಬಂದರೆ ಎದ್ದು ಬನ್ನಿ, ಮುಲಾಜು ಬೇಡ. "ಇಂಥವರಿಗಾಗಿ ಪ್ರಾರ್ಥಿಸಿ" ಅಂತ ಶುರು ಮಾಡಿ ಮನೆ ಮಾನ ಹರಾಜು ಹಾಕುವವರನ್ನು ಆ ದೊಡ್ಡ ಸಭೆಯಲ್ಲಿ ನೋಡಿದ್ದೇನೆ. ಬರದಿದ್ದರೆ ಆರು ತಿಂಗಳು ಸುಮ್ನೆ ಹೋಗಿ ಕೂತುಕೊಳ್ಳಿ. ಹಾಡು ಕೆಟ್ಟದಾಗಿದ್ದರೆ ಇರಲಿ. ಎಲ್ಲರ ಮುಂದೆ ಎಲ್ಲವನ್ನೂ ಹೇಳಿ ಅಂತಲೂ ಅಲ್ಲ, ಒಬ್ಬರೋ ಇಬ್ಬರೋ ಸಾಕು. ಮದುವೆಯಾಗಿದ್ದರೆ ಮೊದಲು ಮನೆಯಲ್ಲಿ.

ಸಾಲ ಇನ್ನೂ 70 ಸಾವಿರ ಇದೆ. ಟೀಚರಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ನೋಟ್‌ಬುಕ್ ಬರೆಯುವುದು ನಾನೇ. ಹೊಸದಾಗಿ ಒಬ್ಬ ಹುಡುಗ ಬರುತ್ತಿದ್ದಾನೆ, ಕಾಲ್ ಸೆಂಟರಿನಲ್ಲಿ ಕೆಲಸ. ಮೂರು ವಾರದಿಂದ "ಕುಟುಂಬಕ್ಕೋಸ್ಕರ" ಅಂತ ಬರೆಸುತ್ತಿದ್ದಾನೆ. ಟೀ ಕೊಟ್ಟೆ. ಇನ್ನೂ ಏನೂ ಕೇಳಿಲ್ಲ.