ಸಕ್ಕರೆ ಸಾಲಿನಲ್ಲಿ ಪ್ರೋಟೀನ್ ಎಲ್ಲಿಂದ ಬಂತು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದೇಶವಾರು ಆಹಾರ ಪೂರೈಕೆಯ ಕೋಷ್ಟಕದಲ್ಲಿ ‘ಸಕ್ಕರೆ ಮತ್ತು ಸಿಹಿಕಾರಕಗಳು’ ಎಂಬ ಸಾಲಿಗೆ ಪ್ರೋಟೀನ್ ಕೆಲವು ವರ್ಷ 0.0 ಗ್ರಾಂ, ಕೆಲವು ವರ್ಷ 0.1 ಗ್ರಾಂ ಎಂದಿರುತ್ತದೆ. ವಿದ್ಯಾರ್ಥಿಗಳು ಇದನ್ನೇ ಏರಿಳಿತ ಎಂದು ನಕ್ಷೆ ಬರೆಯುತ್ತಾರೆ. ಸರಿಯೇ?
— ಕಾಲೇಜು ಅಧ್ಯಾಪಕಿ, ಹಾಸನ

ಉತ್ತರ: ಆ ನಕ್ಷೆ ಬರೆಸಬೇಡಿ. ವರ್ಷವರ್ಷವೂ ಸಕ್ಕರೆಯ ಪ್ರೋಟೀನನ್ನು ಯಾರೂ ಪ್ರಯೋಗಾಲಯದಲ್ಲಿ ಅಳೆದಿರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ದೇಶದ ಉತ್ಪಾದನೆಗೆ ಆಮದು ಸೇರಿಸಿ, ದಾಸ್ತಾನಿನ ಹೆಚ್ಚುಕಡಿಮೆ ಸರಿಹೊಂದಿಸಿ, ರಫ್ತು, ಬಿತ್ತನೆ, ಪಶು ಆಹಾರ, ಪೋಲು, ಕೈಗಾರಿಕೆಗೆ ಹೋದದ್ದು ಎಲ್ಲ ಕಳೆಯುತ್ತದೆ. ಉಳಿದದ್ದನ್ನು ಜನಸಂಖ್ಯೆಗೂ ದಿನಗಳಿಗೂ ಭಾಗಿಸಿ, ಆ ಗ್ರಾಂ ಲೆಕ್ಕವನ್ನು ಒಂದು ನಿಗದಿತ ಪೋಷಕಾಂಶದ ಅಂಕಿಯಿಂದ ಗುಣಿಸುತ್ತದೆ. ಪ್ರೋಟೀನ್ ಹುಟ್ಟುವುದು ಆ ಗುಣಾಕಾರದಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಸಕ್ಕರೆಗೆ ಪ್ರೋಟೀನ್ 0.1 ಗ್ರಾಂ, ಜೇನುತುಪ್ಪಕ್ಕೆ 0.3, ಕಬ್ಬಿನ ಬೆಲ್ಲಕ್ಕೆ 0.4. ಈ ಅಂಕಿ ಹಿಡಿದು ತರಗತಿಯಲ್ಲೇ ಮಾಡಿ ತೋರಿಸಿ: ತಲೆಗೆ ದಿನಕ್ಕೆ 49 ಗ್ರಾಂ ಸಕ್ಕರೆ ಇದ್ದರೆ 0.049 ಗ್ರಾಂ ಪ್ರೋಟೀನ್, ಒಂದೇ ದಶಮಾಂಶಕ್ಕೆ ತಂದರೆ 0.0. ಸಕ್ಕರೆ 51 ಗ್ರಾಂ ಆಯಿತೆನ್ನಿ, 0.051 ಬಂದು 0.1 ಎಂದು ಅಚ್ಚಾಗುತ್ತದೆ. ಎರಡು ಗ್ರಾಂ ಸಕ್ಕರೆಯ ವ್ಯತ್ಯಾಸಕ್ಕೆ ನಕ್ಷೆಯಲ್ಲಿ ಗೋಪುರವೇ ಎದ್ದುಬಿಡುತ್ತದೆ.

ಇನ್ನೊಂದು ತೊಡಕು ಬೆಲ್ಲದ್ದು. ಅದೇ ಸಂಸ್ಥೆಯ 2017ರ ಕೋಷ್ಟಕದಲ್ಲಿ ಬೆಲ್ಲದ ಪ್ರೋಟೀನ್ 1.8 ಗ್ರಾಂ ಆಸುಪಾಸಿಗೆ ಏರಿದೆ. ಬೆಲ್ಲ ಏಕಾಏಕಿ ಪೌಷ್ಟಿಕವಾಗಲಿಲ್ಲ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಬೆಲ್ಲದ ಸಾರಜನಕದಲ್ಲಿ ಬಿಡಿ ಅಮೈನೋ ಆಮ್ಲಗಳಂಥ (ಇವು ಪ್ರೋಟೀನ್ ಕಟ್ಟುವ ಘಟಕಗಳು) ಪ್ರೋಟೀನೇತರ ಪದಾರ್ಥಗಳೂ ಇರುತ್ತವೆ, ತಳಿ, ಗೊಬ್ಬರ, ಮಡ್ಡಿ ತೆಗೆದ ಬಗೆ ಇವುಗಳಿಂದ ಮಾದರಿಯಿಂದ ಮಾದರಿಗೆ ಅಂಕಿ ಬದಲಾಗುತ್ತದೆ. ದಿನಕ್ಕೆ 10 ಗ್ರಾಂ ಬೆಲ್ಲವನ್ನು ಹಳೆಯ ಅಂಕಿಯಲ್ಲಿ ಗುಣಿಸಿದರೆ 0.04, ಹೊಸದರಲ್ಲಿ 0.18. ಯಾವ ಕೋಷ್ಟಕ ಬಳಸಿದ್ದಾರೆಂದು ನೋಡದೆ ಎರಡು ವರ್ಷಗಳನ್ನು ಹೋಲಿಸಬಾರದು. ಆಹಾರ ಮತ್ತು ಕೃಷಿ ಸಂಸ್ಥೆಯ ಹಳೆಯ ಸರಣಿ 2013ಕ್ಕೆ ನಿಲ್ಲುತ್ತದೆ, ಹೊಸ ವಿಧಾನದ ಸರಣಿ 2010ರಿಂದ ಶುರು. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ಕಾಣುವ ಜಿಗಿತ ಲೆಕ್ಕದ್ದು, ಊಟದ್ದಲ್ಲ. ಈ ಸಾಲಿನಲ್ಲಿ ನಕ್ಷೆ ಬರೆಸುವುದಾದರೆ ತಲಾ ಕೆಜಿ ಇಲ್ಲವೇ ಕ್ಯಾಲೊರಿಯದ್ದನ್ನು ಬರೆಸಿ.

ಪ್ರಶ್ನೆ: ಕಬ್ಬಿನ ಹಾಲಿನಲ್ಲಿ ಪ್ರೋಟೀನ್ ಇದೆಯಂತಲ್ಲ, ಬೆಲ್ಲಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ?
— ಕಬ್ಬು ಬೆಳೆಗಾರರು, ಚನ್ನರಾಯಪಟ್ಟಣ

ಉತ್ತರ: ಇರುವುದೇ ಅಲ್ಪ, ಅದರಲ್ಲೂ ಹೆಚ್ಚಿನ ಪಾಲು ಮಡ್ಡಿಯಲ್ಲಿ ಹೊರಬೀಳುತ್ತದೆ. ಆಲೆಮನೆಯ ಕೊಪ್ಪರಿಗೆ ಕಾದಾಗ, ಸುಣ್ಣದ ತಿಳಿ ಹಾಕಿದಾಗ ಪ್ರೋಟೀನ್ ಹೆಪ್ಪುಗಟ್ಟಿ, ಮೇಣ ಮತ್ತು ಕಸವನ್ನೂ ಹಿಡಿದುಕೊಂಡು ಕಪ್ಪು ಹಸಿರು ನೊರೆಯಾಗಿ ಮೇಲೆ ತೇಲುತ್ತದೆ. ಬೆಂಡೆ ಗಿಡದ ಲೋಳೆ ಹಾಕುವುದೂ ಈ ಕಸ ಒಟ್ಟುಗೂಡಲೆಂದೇ. ನೊರೆಯನ್ನು ಜೋರು ಕುದಿ ಬರುವ ಮೊದಲೇ ಜಾಲರಿ ಹುಟ್ಟಿನಿಂದ ತೆಗೆಯಬೇಕು. ಕುದಿ ಹತ್ತಿದ ಮೇಲೆ ಅದು ಒಡೆದು ಹಾಲಿಗೇ ಬೆರೆಯುತ್ತದೆ, ಬೆಲ್ಲ ಮಂಕಾಗಿ ಮೆದುವಾಗುತ್ತದೆ. ಸುಣ್ಣ ಹೆಚ್ಚಾದರೂ ಬಣ್ಣ ಕಪ್ಪಾಗುತ್ತದೆ. ಉಳಿದ ಅಮೈನೋ ಆಮ್ಲ ಕಾವಿನಲ್ಲಿ ಸಕ್ಕರೆಯೊಡನೆ ಕೂಡಿ ಬೆಲ್ಲಕ್ಕೆ ಕಂದು ಬಣ್ಣ, ಘಮ ಕೊಡುತ್ತದೆ. ಕಾರ್ಖಾನೆಯಲ್ಲಿ ಇದೇ ಮಡ್ಡಿ ಪ್ರೆಸ್‌ಮಡ್ ಆಗಿ ಹೊರಬರುತ್ತದೆ. ಅದನ್ನು ಬಿಸಿಬಿಸಿಯಾಗಿ ಗದ್ದೆಗೆ ಸುರಿಯಬೇಡಿ, ಕೊಳೆಸಿ ಹಾಕಿ.

ಪ್ರಶ್ನೆ: ಒಬ್ಬೊಬ್ಬರು ವರ್ಷಕ್ಕೆ 20 ಕೆಜಿ ಸಕ್ಕರೆ ತಿನ್ನುತ್ತಾರೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾಲ್ವರಿಗೆ ತಿಂಗಳಿಗೆ 3 ಕೆಜಿ ಸಾಕು.
— ಗೃಹಿಣಿ, ಅರಸೀಕೆರೆ

ಉತ್ತರ: ದೇಶದ ಬಳಕೆ ವರ್ಷಕ್ಕೆ ಸುಮಾರು 280 ಲಕ್ಷ ಟನ್. 140 ಕೋಟಿಗೆ ಭಾಗಿಸಿದರೆ 20 ಕೆಜಿ, ದಿನಕ್ಕೆ 55 ಗ್ರಾಂ. ನಿಮ್ಮ 3 ಕೆಜಿ ಅಂದರೆ ತಲೆಗೆ ದಿನಕ್ಕೆ 25 ಗ್ರಾಂ. ಉಳಿದದ್ದು ಡಬ್ಬದಲ್ಲಿ ಕಾಣುವುದಿಲ್ಲ: ಬೇಕರಿ, ಬಿಸ್ಕತ್ತು, ತಂಪು ಪಾನೀಯ, ಹೋಟೆಲ್ ಕಾಫಿ, ಮದುವೆಮನೆಯ ಸಿಹಿ. ಇವನ್ನು ಒಂದು ವಾರ ಬರೆದಿಡಿ, ಬೆಲ್ಲವನ್ನೂ ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಎಲ್ಲದರ ಸಿಹಿ ಕೂಡಿ ಒಟ್ಟು ಶಕ್ತಿಯ 10 ಶೇಕಡಕ್ಕಿಂತ ಕಡಿಮೆ ಇರಲಿ, 5 ಶೇಕಡಕ್ಕೆ ಇಳಿದರೆ ಮೇಲು. 2000 ಕ್ಯಾಲೊರಿ ಊಟಕ್ಕೆ ಅದು 50 ಮತ್ತು 25 ಗ್ರಾಂ. ನಿಮ್ಮ ಅಡುಗೆಮನೆಯಲ್ಲೇ 25 ಮುಗಿಯಿತು.

ಪ್ರಶ್ನೆ: ಮಳೆಗಾಲದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಕೊಟ್ಟರೂ ಕುಟುಂಬ ಸೊರಗುತ್ತದೆ. ಏಕೆ?
— ಜೇನು ಕೃಷಿಕರು, ಮೂಡಿಗೆರೆ

ಉತ್ತರ: ಪಾಕದಲ್ಲಿ ಪ್ರೋಟೀನ್ ಇಲ್ಲ, ಅದಕ್ಕೇ. ಮರಿಗಳ ಆಹಾರ ತಯಾರಾಗುವುದು ಪರಾಗದಿಂದ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಮಳೆಯಲ್ಲಿ ಪರಾಗ ಸಿಗದೆ ರಾಣಿ ಮೊಟ್ಟೆ ಇಡುವುದನ್ನೇ ತಗ್ಗಿಸುತ್ತದೆ. ಸಕ್ಕರೆ, ನೀರು ಸಮತೂಕದ ಪಾಕವನ್ನು ಸಂಜೆ, ಪೆಟ್ಟಿಗೆಯ ಒಳಗೇ, ಒಂದೆರಡು ದಿನಕ್ಕೆ ಮುಗಿಯುವಷ್ಟೇ ಕೊಡಿ. ಚೆಲ್ಲಿದರೆ ಇರುವೆ ಮುತ್ತುತ್ತದೆ, ಪಕ್ಕದ ಗೂಡಿನ ಹುಳು ದೋಚಲು ಬರುತ್ತವೆ. ಜೊತೆಗೆ ಎಣ್ಣೆ ತೆಗೆದ ಸೋಯಾ ಹಿಟ್ಟು ಅಥವಾ ಹುರಿಗಡಲೆ ಹಿಟ್ಟಿಗೆ ಸಕ್ಕರೆ ಪುಡಿ, ನಿಮ್ಮದೇ ಗೂಡಿನ ಜೇನುತುಪ್ಪ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಸಣ್ಣ ಬಿಲ್ಲೆ ಮಾಡಿ ಚೌಕಟ್ಟುಗಳ ಮೇಲಿಡಿ. ಬೂಸ್ಟು ಹಿಡಿದರೆ ಕೂಡಲೇ ತೆಗೆಯಿರಿ.

ಹೂಮಳೆ ಬಿದ್ದು ಕಾಫಿ ಅರಳುವ ಹೊತ್ತಿಗೆ ಪಾಕ ಸಂಪೂರ್ಣ ನಿಂತಿರಬೇಕು. ಪಾಕ ಬೆರೆತ ತುಪ್ಪ ಪ್ರೋಲೀನ್ ಪರೀಕ್ಷೆಯಲ್ಲಿ ಬೀಳಬಹುದು. ಪ್ರೋಲೀನ್ ಒಂದು ಅಮೈನೋ ಆಮ್ಲ, ಮುಖ್ಯವಾಗಿ ಹುಳುವಿನಿಂದಲೇ ತುಪ್ಪಕ್ಕೆ ಸೇರುವಂಥದ್ದು. ನಮ್ಮ ಆಹಾರ ಸುರಕ್ಷತಾ ಮಾನದಂಡದಲ್ಲಿ ಕೆಜಿಗೆ ಕನಿಷ್ಠ 180 ಮಿಲಿಗ್ರಾಂ ಇರಬೇಕೆಂದಿದೆ. ತೇವಾಂಶದ ಮಿತಿ 20 ಶೇಕಡ. ಮುಚ್ಚಳ ಕಟ್ಟದ ಎರಿಯನ್ನು ಹಿಂಡಿದರೆ ಈ ಮಿತಿ ದಾಟಿ ತುಪ್ಪ ಹುಳಿಯುತ್ತದೆ.

ಪ್ರಶ್ನೆ: ಸಕ್ಕರೆ ಬದಲಿನ ಮಾತ್ರೆಯ ಡಬ್ಬಿ ಮೇಲೆ ‘ಫೀನೈಲಾಲನೀನ್ ಇದೆ’ ಎಂದಿದೆ. ಅದು ಪ್ರೋಟೀನೇ?
— ನಿವೃತ್ತ ನೌಕರರು, ಚಿಕ್ಕಮಗಳೂರು

ಉತ್ತರ: ಪ್ರೋಟೀನ್ ಅಲ್ಲ, ಅದರ ಘಟಕವಾದ ಒಂದು ಅಮೈನೋ ಆಮ್ಲ. ಆ ಮಾತ್ರೆ ಆಸ್ಪರ್ಟೇಮ್, ಫೀನೈಲಾಲನೀನ್ ಸೇರಿ ಎರಡು ಅಮೈನೋ ಆಮ್ಲ ಕೂಡಿದ ಪದಾರ್ಥ, ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಬಳಸುವುದು ಮಿಲಿಗ್ರಾಂ ಲೆಕ್ಕದಲ್ಲಾದ್ದರಿಂದ ಪೋಷಣೆಗೆ ಬರುವುದಿಲ್ಲ. ಎಚ್ಚರಿಕೆ ಇರುವುದು ಹುಟ್ಟಿನಿಂದಲೇ ದೇಹ ಫೀನೈಲಾಲನೀನನ್ನು ಒಡೆಯಲಾರದ ಕಾಯಿಲೆ ಫೀನೈಲ್‌ಕೀಟೋನೂರಿಯ ಇರುವವರಿಗೆ, ಅವರು ಮುಟ್ಟಲೇಬಾರದು. ಕಾಫಿ ಕುದಿಸುವಾಗ ಹಾಕಬೇಡಿ, ಕಾವಿಗೆ ಒಡೆದು ಸಿಹಿ ತಗ್ಗುತ್ತದೆ. ಲೋಟಕ್ಕೆ ಬಗ್ಗಿಸಿದ ಮೇಲೆ ಹಾಕಿ.

ಪ್ರಶ್ನೆ: ಮಗು ತೂಕ ಏರುತ್ತಿಲ್ಲ. ಶಕ್ತಿ ಬರಲಿ ಎಂದು ದಿನಾ ಬೆಲ್ಲ ಕೊಡುತ್ತಿದ್ದೇವೆ.
— ನಾಲ್ಕು ವರ್ಷದ ಮಗುವಿನ ತಾಯಿ, ಕಡೂರು

ಉತ್ತರ: ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ತೂಕ ಎತ್ತರ ಬರೆಸಿ. ಬೆಲ್ಲವೊಂದೇ ಹೊಟ್ಟೆ ತುಂಬಿಸಿ ಊಟ ತಪ್ಪಿಸುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 7 ಗ್ರಾಂ ಪ್ರೋಟೀನ್ ಇದೆ. ಬೆಲ್ಲದಿಂದ ಅಷ್ಟು ಬರಬೇಕೆಂದರೆ ಹಳೆಯ ಅಂಕಿಯ ಪ್ರಕಾರ ಒಂದು ಮುಕ್ಕಾಲು ಕೆಜಿ ತಿನ್ನಬೇಕು. ಹುರಳಿಯಲ್ಲಿ 22, ಕಡಲೆಕಾಯಿ ಬೀಜದಲ್ಲಿ 25 ಗ್ರಾಂ. ಬೆಲ್ಲ ಬಿಡಿಸಲಾಗದಿದ್ದರೆ 20 ಗ್ರಾಂ ಹುರಿದ ಕಡಲೆಕಾಯಿಯನ್ನು ತರಿಯಾಗಿ ಕುಟ್ಟಿ, 10 ಗ್ರಾಂ ಬೆಲ್ಲದಲ್ಲಿ ಉಂಡೆ ಕಟ್ಟಿ ಕೊಡಿ, 5 ಗ್ರಾಂ ಪ್ರೋಟೀನ್ ಸಿಗುತ್ತದೆ. ಇಡೀ ಬೀಜ ಮಾತ್ರ ಬೇಡ, ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.