ಓದುಗರ ಪ್ರಶ್ನೆ: ರೋಮನ್ನರ ನೆನಪು ಯಾರ ಕೈಯಾಗಿತ್ತು?

ಪ್ರಶ್ನೆ: ನಮ್ಮ ಮನಿಗೆ ಹೆಳವ್ರು ಎತ್ತು ತಗೊಂಡು ಬರ್ತಾರ್ರೀ, ನಮ್ಮ ಮುತ್ತ್ಯಾನ ಮುತ್ತ್ಯಾನ ತನಕ ಹೆಸರು ಹೇಳ್ತಾರ, ಯಾವ ಊರಿಂದ ಬಂದ್ರಿ, ಯಾರು ಗೌಡ್ಕಿ ಮಾಡಿದ್ರು ಎಲ್ಲಾ. ಧಾರವಾಡದಾಗ ಕಲಿಯೂ ನನ್ನ ಮಗ ‘ಅಪ್ಪಾ, ಅದು ಇತಿಹಾಸ ಅಲ್ಲ, ಕಾಳು ಜಾಸ್ತಿ ಕೊಟ್ಟವ್ರ ಮನೆತನ ದೊಡ್ಡದಾಗ್ತೈತಿ’ ಅಂತಾನ. ರೋಮನ್ನರೂ ಮನೆತನದ ನೆನಪು ನಂಬಿ ಇತಿಹಾಸ ಬರದ್ರು ಅಂತ ಹೋದ ಸಂಚಿಕ್ಯಾಗ ನೀವ ಬರದಿದ್ರಿ. ಹಂಗಾದ್ರ ಅದನ್ನ ನಂಬೂದು ಹೆಂಗ?
– ಗದಗ ತಾಲೂಕಿನ ರೈತರೊಬ್ಬರು

ಉತ್ತರ: ಯಜಮಾನ್ರ, ನಿಮ್ಮ ಮಗಾ ಹೇಳೂದು ಅರ್ಧ ಖರೇ ಐತಿ, ಆದ್ರ ಅಲ್ಲಿಗೇ ನಿಲ್ಲಬಾರ್ದು. ರೋಮಿನ ದೊಡ್ಡ ಮನೆತನದವ್ರ ಪಡಸಾಲ್ಯಾಗ ಕಟ್ಟಿಗಿ ಕಪಾಟು ಇರ್ತಿದ್ವು, ಅದ್ರಾಗ ಸತ್ತ ಹಿರ್ಯಾರ ಮೇಣದ ಮುಖವಾಡ, ಜೋಡಿಗೆ ಅವ್ರು ಯಾವ್ಯಾವ ಅಧಿಕಾರ ಮಾಡಿದ್ರು ಅಂತ ಬರದ ಪಟ್ಟಿ. ಎಲ್ಲಾರ್ದೂ ಇಡ್ತಿದ್ದಿಲ್ಲ, ದೊಡ್ಡ ಹುದ್ದೆ ಏರಿದವ್ರದಷ್ಟ. ಮನ್ಯಾಗ ಅಂಥಾ ಒಬ್ಬರು ತೀರಿಕೊಂಡ್ರ ಏನಾಗ್ತಿತ್ತು ಅನ್ನೂದನ್ನ ಕ್ರಿ.ಪೂ. 2ನೇ ಶತಮಾನದಾಗ ಒತ್ತೆಯಾಳಾಗಿ ರೋಮಿಗೆ ಬಂದಿದ್ದ ಪೊಲಿಬಿಯಸ್ ಅನ್ನೂ ಗ್ರೀಕ ಇತಿಹಾಸಕಾರ ಬರದಿಟ್ಟಾನ. ಸತ್ತ ಹಿರ್ಯಾರ ಎತ್ತರ, ಮೈಕಟ್ಟು ಹೋಲೂ ಮಂದೀನ ಹುಡಕಿ ಅವ್ರಿಗೆ ಆ ಮುಖವಾಡ ಹಾಕಸ್ತಿದ್ರು, ಆಡಳಿತದ ಮುಖ್ಯಸ್ಥ ಅಂದ್ರ ಕಾನ್ಸಲ್ ಆಗಿದ್ದವನ ವೇಷಕ್ಕ ನೇರಳಿ ಅಂಚಿನ ಬಟ್ಟಿ, ಜನಗಣತಿ ನೋಡಿಕೊಳ್ಳೂ ದೊಡ್ಡ ಅಧಿಕಾರಿ ಅಂದ್ರ ಸೆನ್ಸರ್ ಆಗಿದ್ದವಗ ಪೂರ್ತಿ ನೇರಳಿ, ಯುದ್ಧ ಗೆದ್ದು ವಿಜಯೋತ್ಸವ ಮಾಡಿಸಿಕೊಂಡಿದ್ದವಗ ಬಂಗಾರದ ಕಸೂತಿ. ಹಿಂಗ ಸತ್ತವ್ರೆಲ್ಲಾ ಮತ್ತ ಎದ್ದು ಬಂದಂಗ ಪ್ಯಾಟಿ ನಡುವಿನ ಭಾಷಣದ ಕಟ್ಟಿ ತನಕ ಬಂದು ದಂತದ ಖುರ್ಚಿ ಮ್ಯಾಲೆ ಸಾಲಾಗಿ ಕುಂಡ್ರತಿದ್ರು, ಆಮ್ಯಾಲೆ ಮಗಾ ಎದ್ದು ನಿಂತು ಮೊದಲ ಅಪ್ಪಂದು, ಆಮ್ಯಾಲೆ ಎಲ್ಲಾರಕಿಂತ ಹಳಬನಿಂದ ಹಿಡದು ಒಬ್ಬೊಬ್ಬರ ಸಾಧನೆ ಹೇಳ್ತಾ ಬರ್ತಿದ್ದ.

ಈ ಭಾಷಣದ ಪ್ರತಿ ಮನ್ಯಾಗ ಕಾಯ್ದಿಡ್ತಿದ್ರು, ಇತಿಹಾಸ ಬರಿಯವ್ರಿಗೆ ಅದೂ ಒಂದು ಆಧಾರ. ತಕರಾರು ಅಲ್ಲೇ ಸುರು ಆಗಿದ್ದು. ರೋಮಿನ ದೊಡ್ಡ ಭಾಷಣಕಾರ ಸಿಸೆರೋ ಮುಚ್ಚುಮರಿ ಇಲ್ಲದ ಬರೀತಾನ, ಈ ಭಾಷಣಗಳಿಂದ ನಮ್ಮ ಇತಿಹಾಸ ಕೆಟ್ಟೈತಿ, ಆಗದ ವಿಜಯೋತ್ಸವ, ಇಲ್ಲದ ಕಾನ್ಸಲ್‌ಗಿರಿ, ಸುಳ್ಳು ವಂಶಾವಳಿ ಎಲ್ಲಾ ಅದ್ರಾಗ ಸೇರ್ಯಾವ ಅಂತ. ರೋಮಿನ ಇತಿಹಾಸ ಬರದ ಲಿವಿನೂ ತನ್ನ 8ನೇ ಪುಸ್ತಕದ ಕೊನೀಗೆ ಇದ ದುಃಖ ತೋಡಿಕೊಂಡಾನ. ಕ್ರಿ.ಪೂ. 69ರಾಗ ಜೂಲಿಯಸ್ ಸೀಸರನ ಸೋದರತ್ತಿ ಜೂಲಿಯಾ ತೀರಿಕೊಂಡಾಗ ಸೀಸರ್ ಎದ್ದು ನಿಂತು, ನಮ್ಮತ್ತಿ ತಾಯಿ ಕಡಿಂದ ರಾಜರ ವಂಶ, ತಂದಿ ಕಡಿಂದ ವೀನಸ್ ದೇವಿ ವಂಶ ಅಂತಂದ. ಅದ ಮೆರವಣಿಗ್ಯಾಗ ಅಕಿ ಗಂಡ, ಸೇನಾಪತಿ ಮೇರಿಯಸನ ಪ್ರತಿಮೆನೂ ತಂದ. ಮೇರಿಯಸನ್ನ ಅವನ ವೈರಿ ಸುಲ್ಲಾ ದೇಶದ್ರೋಹಿ ಅಂತ ಮಾಡಿಟ್ಟಿದ್ದ, ಅಷ್ಟು ವರ್ಷ ಆ ಪ್ರತಿಮೆ ಹೊರಗ ತರೂ ಧೈರ್ಯ ಯಾರೂ ಮಾಡಿದ್ದಿಲ್ಲ. ನೋಡ್ರಿ, ವೀನಸ್ಸಿನ ಮಾತು ಪುರಾಣ, ಆದ್ರ ಅವತ್ತು ಸೀಸರ್ ಯಾರ ಪಕ್ಷ ಹಿಡದ ಅನ್ನೂದು ಗಟ್ಟಿ ಇತಿಹಾಸ, ಎರಡೂ ಒಂದ ಮೆರವಣಿಗ್ಯಾಗ ಬಂದಾವ!

ಅದಕ್ಕ ಹೆಳವ್ರ ಮಾತು ಒಗೀಬ್ಯಾಡ್ರಿ. ಮುಂದಿನ ಸಲ ಬಂದಾಗ ಮಗನ ಕೈಲಿ ಪೂರಾ ಬರಸ್ರಿ, ಯಾರು ಹೇಳಿದ್ರು, ಯಾವ ದಿವಸ ಹೇಳಿದ್ರು ಅಂತನೂ ಬರಸ್ರಿ, ಆಮ್ಯಾಲೆ ಊರಾಗಿನ ಶಾಸನ, ಜಮೀನಿನ ಹಳೇ ಕಾಗದಕ್ಕ ಹೋಲಿಸಿ ನೋಡ್ಲಿ. ಹೆಳವ್ರು ಹೇಳೂದ್ರಾಗ ಸೊಸ್ತ್ಯಾರ ತವರೂರು, ಬರ ಬಿದ್ದು ಊರು ಬಿಟ್ಟ ಸುದ್ದಿ ಇಂಥಾವೂ ಇರ್ತಾವ, ಅವನ್ನ ದೊಡ್ಡಸ್ತನಿಕಿಗೆ ಅಂತ ಯಾರೂ ಕಟ್ಟಂಗಿಲ್ಲ.

ಪ್ರಶ್ನೆ: ಸರ್, ಲಿವಿ ಇತಿಹಾಸಕಾರನೋ ಕಥೆಗಾರನೋ? ಇಂಟರ್ನಲ್ ಪರೀಕ್ಷೆಗೆ ಈ ಪ್ರಶ್ನೆ ಬರ್ತೈತಿ ಅಂತ ನಮ್ಮ ಮೇಡಂ ಹೇಳ್ಯಾರ.
– ಬಿ.ಎ. ವಿದ್ಯಾರ್ಥಿನಿ, ಹಾವೇರಿ

ಉತ್ತರ: ತಂಗಿ, ಎರಡ್ರಾಗ ಒಂದನ್ನ ಆರಿಸಿ ಬರೀಬ್ಯಾಡವಾ, ಅವನ ಸಾಕ್ಷಿ ತೋರಿಸಿ ಬರಿ. ಲಿವಿ ಬರದದ್ದು 142 ಪುಸ್ತಕ, ನಮಗ ಉಳದದ್ದು 35. ಮುನ್ನುಡಿಯೊಳಗನ ಹೇಳಿಬಿಡ್ತಾನ, ಊರು ಹುಟ್ಟೂಕಿಂತ ಮೊದಲಿನ ಕಥಿಗಳು ಕಾವ್ಯಕ್ಕ ಒಪ್ಪೂವಂಥಾವು, ನಾನು ಅವನ್ನ ಹೌದು ಅನ್ನಂಗಿಲ್ಲ, ಅಲ್ಲನೂ ಅನ್ನಂಗಿಲ್ಲ ಅಂತ. 6ನೇ ಪುಸ್ತಕದ ಸುರುವಿಗೆ, ಗಾಲ್ ಜನ ರೋಮ್ ಸುಟ್ಟಾಗ (ರೋಮನ್ನರ ಲೆಕ್ಕದಾಗ ಕ್ರಿ.ಪೂ. 390) ದಾಖಲೆ ಬಹಳಷ್ಟು ಹಾಳಾದ್ವು, ನಡದದ್ದನ್ನ ನಿಯತ್ತಿನಿಂದ ಕಾಯೂದು ಬರವಣಿಗಿ ಒಂದ, ಅದ ಆ ಕಾಲಕ್ಕ ಕಮ್ಮಿ ಇತ್ತು ಅಂತಾನ. ಇನ್ನೊಂದು ಉದಾಹರಣೆ ತಪ್ಪದ ಬರಿ. ಕಾಸಸ್ ಅನ್ನೂ ವೀರ ಶತ್ರು ರಾಜನ್ನ ಕೊಂದು ಅವನ ಕವಚ ಗುಡಿಗೆ ಅರ್ಪಿಸಿದಾಗ ಬರೇ ಸೇನಾಧಿಕಾರಿ ಆಗಿದ್ದ ಅಂತ ಹಿಂದಿನ ಲೇಖಕರೆಲ್ಲಾ ಬರದಾರ, ಲಿವಿನೂ ಹಂಗ ಬರದ. ಆದ್ರ ಚಕ್ರವರ್ತಿ ಅಗಸ್ಟಸ್ ತಾನ ಆ ಹಳೇ ಗುಡಿ ಒಳಗ ಹೋಗಿ ನಾರಿನ ಕವಚದ ಮ್ಯಾಲೆ ‘ಕಾನ್ಸಲ್’ ಅಂತ ಬರದದ್ದು ಓದಿದೆ ಅಂತ ಹೇಳಿದ್ದ, ಅದು ಲಿವಿ ಕಿವಿಗೆ ಬಿತ್ತು. ಅಷ್ಟೊತ್ತಿಗೆ ಇನ್ನೊಬ್ಬ ಸೇನಾಪತಿ ಅದ ಗೌರವ ತನಗೂ ಬೇಕು ಅಂತಿದ್ದ, ಕಾನ್ಸಲ್ ಅಲ್ಲದ ಕಾಸಸಗ ಸಿಕ್ಕಿದ್ರ ಅವಗೂ ಕೊಡಬೇಕಾಗ್ತಿತ್ತು, ಅದು ಅಗಸ್ಟಸಗ ಬ್ಯಾಡಾಗಿತ್ತು ಅಂತ ಭಾಳ ವಿದ್ವಾಂಸರು ಹೇಳ್ತಾರ. ಲಿವಿ ಏನು ಮಾಡಿದ? ಚಕ್ರವರ್ತಿ ಮಾತನ್ನ ಗೌರವದಿಂದ ಬರದ, ಆದ್ರ ತನ್ನ ಮೊದಲಿನ ಕಥಿ ಅಳಸಲಿಲ್ಲ, ಎರಡನ್ನೂ ಮಗ್ಗಲಕ್ಕ ಮಗ್ಗಲ ಇಟ್ಟು ನಿರ್ಧಾರ ಓದೂ ಮಂದಿಗೆ ಬಿಟ್ಟ. ಅಂಥಾ ಹೊತ್ತಿನ್ಯಾಗ ಅಷ್ಟು ಮಾಡೂದಕ್ಕ ಗಟ್ಟಿ ಎದಿ ಬೇಕು, ನನಗ ಅವ ಇತಿಹಾಸಕಾರ ಅನ್ನಿಸೂದು ಆ ಜಾಗಾದಾಗ.

ಪ್ರಶ್ನೆ: ಅಧಿಕಾರ ಬದಲಾದ್ರ ಹಳಬರ ಹೆಸರಿನ ಕಲ್ಲು ತಗಸೂದು ನಾವು ನೋಡ್ತೀವಿ. ರೋಮಿನಾಗೂ ಹಿಂಗಿತ್ತಾ?
– ವ್ಯಾಪಾರಸ್ಥರು, ಹುಬ್ಬಳ್ಳಿ

ಉತ್ತರ: ಇತ್ತ್ರೀ, ಭಾಳ ಕ್ರೂರ ಇತ್ತು. ಕ್ರಿ.ಶ. 211ರಾಗ ಚಕ್ರವರ್ತಿ ಕ್ಯಾರಕಲ್ಲಾ ತನ್ನ ತಮ್ಮ ಗೇಟಾನ್ನ ಕೊಲ್ಲಿಸಿ, ಸಾಮ್ರಾಜ್ಯದ ತುಂಬ ಅವನ ಹೆಸರು, ಮಾರಿ ಎಲ್ಲಾ ಅಳಸಿದ. ಅವ್ರಪ್ಪ ಸೆಪ್ಟಿಮಿಯಸ್ ಸೆವೆರಸನ ಹೆಸರಿಲೆ 203ರಾಗ ಕಟ್ಟಿದ ಕಮಾನು ರೋಮಿನಾಗ ಇವತ್ತೂ ನಿಂತೈತಿ. ಅದ್ರ ಮ್ಯಾಲೆ ಕಂಚಿನ ಅಕ್ಷರ ಕೂಡಿಸಿದ್ರು, ಗೇಟಾನ ಹೆಸರಿದ್ದ ನಾಲ್ಕನೇ ಸಾಲು ಕಿತ್ತು ಅಪ್ಪ-ಅಣ್ಣನ ಹೊಗಳಿಕಿ ಹಚ್ಚಿದ್ರು. ಆದ್ರ ಮೊದಲಿನ ಅಕ್ಷರ ಹಿಡದಿದ್ದ ಮೊಳಿ ತೂತು ಕಲ್ಲಿನ್ಯಾಗ ಹಂಗ ಉಳದಾವ, ವಿದ್ವಾಂಸರು ಆ ತೂತಿನ ಗುರ್ತಿಲೆ ಅಳಸಿದ ಹೆಸರು ಓದ್ಯಾರ.

ಪುಸ್ತಕದ್ದೂ ಅದ ಕಥಿ. ಕ್ರಿ.ಶ. 25ರಾಗ ಕ್ರೆಮುಟಿಯಸ್ ಕಾರ್ಡಸ್ ಅನ್ನೂ ಇತಿಹಾಸಕಾರನ ಮ್ಯಾಲೆ ಖಟ್ಲೆ ಹಾಕಿದ್ರು, ಸೀಸರನ್ನ ಕೊಂದ ಬ್ರೂಟಸನ್ನ ಹೊಗಳ್ಯಾನ, ಅವನ ಜೋಡಿದಾರ ಕ್ಯಾಸಿಯಸಗ ‘ಕೊನೆಯ ರೋಮನ್’ ಅಂದಾನ ಅಂತ. ಅವ ಊಟ ಬಿಟ್ಟು ಪ್ರಾಣ ಬಿಟ್ಟ, ಪುಸ್ತಕ ಸುಡ್ಸಿದ್ರು. ಆದ್ರ ಮಗಳು ಮಾರ್ಸಿಯಾ ಪ್ರತಿ ಉಳಿಸಿದ್ಲು, ಚಕ್ರವರ್ತಿ ಕ್ಯಾಲಿಗುಲಾನ ಕಾಲಕ್ಕ ಅವು ಮತ್ತ ಮಂದಿ ಕೈಗೆ ಬಂದ್ವು. ಇದನ್ನ ಬರದ ಇತಿಹಾಸಕಾರ ಟ್ಯಾಸಿಟಸ್, ಚಕ್ರವರ್ತಿ ಡೊಮಿಷಿಯನ್ನನ ಕಾಲದಾಗ ತಾನ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಬದುಕಿದವ. ಸುಮ್ಮನಿರೂದು ಕೈಯಾಗಿದ್ದಂಗ ಮರಿಯೂದೂ ನಮ್ಮ ಕೈಯಾಗಿದ್ರ ಧ್ವನಿ ಜೋಡಿ ನೆನಪನ್ನೂ ಕಳಕೋತಿದ್ವಿ ಅಂತ ತನ್ನ ಹೆಂಡ್ತಿ ಅಪ್ಪ ಅಗ್ರಿಕೋಲಾನ ಚರಿತ್ರೆಯಾಗ ಬರದಾನ. ಬ್ರೂಟಸನ ತಂಗಿ, ಕ್ಯಾಸಿಯಸನ ಹೆಂಡ್ತಿ ಜೂನಿಯಾ ಕ್ರಿ.ಶ. 22ರಾಗ ತೀರಿಕೊಂಡಾಗ 20 ದೊಡ್ಡ ಮನೆತನದ ಮುಖವಾಡ ಮೆರವಣಿಗ್ಯಾಗ ಬಂದ್ವಂತ, ಆ ಇಬ್ಬರದು ಮಾತ್ರ ಇದ್ದಿಲ್ಲ, ಇಲ್ಲದ್ದಕ್ಕನ ಎಲ್ಲಾರಕಿಂತ ಎದ್ದು ಕಂಡ್ರು ಅಂತಾನ ಅವ. ಈ ಸಾಲು ಓದಿದಾಗೆಲ್ಲಾ ನನಗ ಮೈ ಜುಂ ಅಂತೈತಿ.

ಪ್ರಶ್ನೆ: ಬರೇ ರಾಜರು, ಸೇನಾಪತಿಗಳ ಹೆಸರ ಯಾಕ? ಸಾಮಾನ್ಯರದು ಯಾರೂ ಬರೀಲಿಲ್ಲೇನು?
– ಶಿಕ್ಷಕಿ, ಹಾನಗಲ್ಲ

ಉತ್ತರ: ಹಿರಿಯ ಕೇಟೋ ಬರದ ಅಕ್ಕಾರ, ಆದ್ರ ಅರ್ಧ. ಲ್ಯಾಟಿನ್‌ನ್ಯಾಗ ಮೊದಲು ಇತಿಹಾಸ ಬರದ ಅವ, ಯುದ್ಧದ ವರ್ಣನಾದಾಗ ಸೇನಾಪತಿಗಳ ಹೆಸರ ಬಿಟ್ಟುಬಿಟ್ಟ, ಗೆಲವು ಮನೆತನದ ಆಸ್ತಿ ಆಗಬಾರ್ದು, ಜನರದಾಗಬೇಕು ಅನ್ನೂದು ಅದರ ಹಿಂದಿನ ವಿಚಾರ ಅಂತ ನಾನು ತಿಳಕೊಂಡೀನಿ. ಆದ್ರ ರೋಮಿನ ವೈರಿ ಕಾರ್ಥೇಜ್ ಸೈನ್ಯದಾಗ ಎಲ್ಲಾಕಿಂತ ಶೂರತನದಿಂದ ಕಾದಿದ, ಒಂದು ದಂತ ಮುರದಿದ್ದ ಆನಿ ಹೆಸರು ಬರದಾನ, ಸೂರಸ್ ಅಂತ. ಸಾಮಾನ್ಯ ಸಿಪಾಯಿ ಹೆಸರು ಮಾತ್ರ ಅವನ ಕೈಗೂ ಹತ್ತಲಿಲ್ಲ. ಆ ವಿಷಯದಾಗ ನಿಮ್ಮ ಕಡಿ ಕಲ್ಲು ಶ್ರೀಮಂತ ಅವ, ನಿಮ್ಮ ಶಾಲಿ ಮಕ್ಕಳನ್ನ ಕರಕೊಂಡು ಹೋಗಿ ತುರುಗೋಳಿನ ವೀರಗಲ್ಲು ತೋರಸ್ರಿ, ಕೆಳಗಿನ ಪಟ್ಟಿಯಾಗ ದನ ಬಿಡಿಸ್ಲಿಕ್ಕೆ ಕಾದವ, ನಡುವ ಅವನ್ನ ಒಯ್ಯೂ ಅಪ್ಸರೆಯರು, ಮ್ಯಾಲೆ ಲಿಂಗದ ಮುಂದ ಕುಂತವ. ಅಕ್ಷರ ಇದ್ದ ಕಲ್ಲಾದ್ರ ಅವನ ಹೆಸರು, ಊರು, ಒಮ್ಮೊಮ್ಮೆ ಕಲ್ಲು ನಿಲ್ಲಿಸಿದ ತಮ್ಮಂದೋ ಮಗಂದೋ ಹೆಸರೂ ಸಿಗ್ತಾವ.